ಛತ್ರ ಹುಡುಕಿದರೆ ಶ್ರದ್ಧಾಂಜಲಿ

ಕಂಪ್ಯೂಟರ್ ಕಲಿಸಿ ನಿವೃತ್ತನಾದ ಮೇಷ್ಟ್ರಿಗೆ ಕೃಷ್ಣರಾಜನಗರದಲ್ಲಿ ವಿಶ್ರಾಂತಿ ಇಲ್ಲ. ಯಾರ ವೆಬ್‌ಸೈಟು ಕೆಮ್ಮಿದರೂ ಮದ್ದಿಗೆ ನನ್ನ ಜಗಲಿಗೇ ಬರುತ್ತಾರೆ.

ಈ ಸಲ ಬಂದವರು ಹಳೇ ಮದುವೆ ಛತ್ರದ ಯಜಮಾನರು. ಛತ್ರ ಕಟ್ಟಿಸಿದ ಅವರ ತಂದೆ ಹೋದ ವರ್ಷ ತೀರಿಕೊಂಡಿದ್ದರು. ಅಲ್ಲಿಂದ ಮದುವೆಗಳೂ ನಿಂತಿದ್ದವು.

"ಶ್ರಾವಣಕ್ಕೆ ಒಂದು ಮದುವೆನಾದ್ರೂ ಗೊತ್ತಾಗ್ಬೇಕು ಮೇಷ್ಟ್ರೇ. ಇಲ್ದಿದ್ರೆ ನನ್ನ ತಮ್ಮ ಛತ್ರನ ಗೋಡೌನ್ ಮಾಡಿ ಹೊಗೆಸೊಪ್ಪು ತುಂಬ್ತಾನಂತೆ."

ನನಗೆ ಕಸಿವಿಸಿಯಾಯಿತು. ನನ್ನ ಮದುವೆ ಆದದ್ದೂ ಅಲ್ಲೇ. ಹಿರಿಯ ಯಜಮಾನರು ಪಾಯಸದ ಬಕೆಟ್ ಹಿಡಿದು ಪಂಕ್ತಿಗೆ ಇಳಿದರೆ 'ಸಾಕು' ಎಂಬ ಮಾತು ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ. ಎಲೆಗೆ ಅಡ್ಡ ಹಿಡಿದ ನನ್ನ ಕೈ ಮೇಲೇ ಸುರಿದಿದ್ದರು. ಆ ಏಲಕ್ಕಿಯ ಘಮ ಇವತ್ತಿಗೂ ಬೆರಳಲ್ಲಿದೆ.

ಸ್ವಂತ ಮನೆ

"ನೆಟ್‌ನಲ್ಲಿ ನಿಮ್ಮ ಛತ್ರ ಕಾಣುತ್ತದೆಯೇ?" ಎಂದೆ.

"ನನ್ನ ಮೊಬೈಲ್‌ನಲ್ಲಿ ತಟ್ ಅಂತ ಬತ್ತದೆ," ಎಂದು ವೆಬ್‌ಸೈಟಿನ ಪೂರ್ತಿ ವಿಳಾಸ ಒತ್ತಿ ತೋರಿಸಿದರು.

"ಇದು ಹುಡುಕುವುದಲ್ಲ ಯಜಮಾನ್ರೇ. ನಿಮ್ಮ ಮನೆಗೆ ನೀವೇ ಹೋಗುವುದು."

"ನಮ್ಮನೆಗೆ ನಾನೇ ಹೋಗಕ್ಕೂ ನಿಮ್ಮುನ್ನ ಕೇಳ್ಬೇಕಾ?"

ನಾನೇ 'ಕೆ.ಆರ್. ನಗರ ಮದುವೆ ಛತ್ರ' ಎಂದು ಹುಡುಕಿದೆ. ಬಹಳ ಕೆಳಗೆ ಇವರದು ಬಂತು. ತಲೆಬರಹ: ಶ್ರದ್ಧಾಂಜಲಿ. ಅದರಡಿ: 'ಲಿಂಗೈಕ್ಯರಾದ ನಮ್ಮ ಪೂಜ್ಯ ತಂದೆಯವರು...'

ನಮ್ಮ ಕಡೆ ಮನೆಯೊಳಗೆ ಕಾಲಿಟ್ಟರೆ ಮೊದಲು ಕಾಣುವುದು ಹಾರ ಹಾಕಿದ ಹಿರಿಯರ ಪಟ. ಯಜಮಾನರು ಅದೇ ಪದ್ಧತಿಯಂತೆ ವೆಬ್‌ಸೈಟಿನ ಮುಖಪುಟಕ್ಕೂ ಅಪ್ಪಾಜಿಯ ಪಟ ಹಾಕಿಸಿದ್ದರು. ಛತ್ರದ ಹೆಸರು, ಊಟದ ಹಾಲ್‌ನ ವಿವರ ಎಲ್ಲವೂ ಫೋಟೋದೊಳಗಿನ ಅಕ್ಷರ. ಹುಡುಕುವ ಯಂತ್ರಕ್ಕೆ ಓದಲು ಸಿಕ್ಕಿದ ಬರಹ ಶ್ರದ್ಧಾಂಜಲಿ ಒಂದೇ.

"ಅದ್ಕೇ!" ಎಂದರು ಯಜಮಾನರು. "ಫೋನ್ ಮಾಡೋರೆಲ್ಲ ಹನ್ನೊಂದನೇ ದಿನದ ಕಾರ್ಯಕ್ಕೇ ಕೇಳ್ತಾವ್ರೆ. ಒಬ್ಬನಂತೂ, 'ನಮ್ಮಜ್ಜಿ ಇನ್ನೂ ಇದ್ದಾರೆ, ಈಗ್ಲೇ ಬರ್ಕೊಳ್ಳಿ' ಅಂದ!"

ಹುಣಸೂರಿನ ಭಾವ

ನಾವು ಮಾತಾಡುತ್ತಿರುವಾಗಲೇ ಹುಣಸೂರಿನಿಂದ ಯಜಮಾನರ ಭಾವ ಹಾರ ಹಿಡಿದು, ಕಣ್ಣೊರೆಸಿಕೊಳ್ಳುತ್ತ, ಅವರನ್ನು ಹುಡುಕಿಕೊಂಡು ನನ್ನ ಜಗಲಿಗೇ ಬಂದರು.

"ಅಪ್ಪಾಜಿ ಓಗ್ಬುಟ್ರಂತಲ್ಲೋ! ಒಂದು ಮಾತು ಯೋಳ್ಬಾರ್ದಾ?"

"ಭಾವ, ಅವರು ಹೋಗಿ ವರ್ಷ ಆಯ್ತು. ಕಾರ್ಯಕ್ಕೆ ನೀವೇ ಬಂದು ಉಂಡು ಹೋದ್ರಲ್ಲ!"

"ಮೊಬೈಲ್‌ನಲ್ಲಿ ಇವತ್ತು ಬಂತು ಕಣೋ." ಭಾವ ತುಸು ಯೋಚಿಸಿ ಹಾರವನ್ನು ಪಕ್ಕಕ್ಕಿಟ್ಟರು. "ಓಗ್ಲಿ ಬುಡು. ಬಂದಿದ್ದು ಬಂದೆ, ಈ ಸಲಾನೂ ಉಂಡೇ ಓಯ್ತೀನಿ."

ಪಟ ಇಳಿಯದು

"ಮುಖಪುಟದಿಂದ ಶ್ರದ್ಧಾಂಜಲಿ ತೆಗೆಯಬೇಕು," ಎಂದೆ.

ಯಜಮಾನರ ಮುಖ ಕೆಂಪಾಯಿತು. "ಕಟ್ಟಿಸಿದೋರ್ನೇ ಆಚೆಗೆ ಹಾಕೋದಾ? ಅದಕ್ಕಿಂತ ಹೊಗೆಸೊಪ್ಪೇ ತುಂಬ್ಲಿ ಬುಡಿ."

ವಾದ ಮಾಡಿ ಗೆಲ್ಲುವ ಜಾಗವಲ್ಲ ಅದು. ಒಳಗೆ ಹೋಗಿ ನನ್ನ ಮದುವೆ ಆಲ್ಬಂ ತಂದು ತೆರೆದೆ. ಹಿರಿಯರು ಬಕೆಟ್ ಹಿಡಿದು ಬಾಗಿ ನಗುತ್ತಿದ್ದಾರೆ. ಅಡಿಯಲ್ಲಿ ಪಾಯಸ ಮೆತ್ತಿದ ನನ್ನ ಕೈ. ಯಜಮಾನರು ಆ ಫೋಟೋವನ್ನು ಬಹಳ ಹೊತ್ತು ನೋಡಿದರು. "ಇದನ್ನೇ ಹಾಕಿ," ಎಂದರು. ಅಪ್ಪಾಜಿ ಇಳಿಯಲಿಲ್ಲ, ಹಾರ ಮಾತ್ರ ಇಳಿಯಿತು. ಪಕ್ಕದಲ್ಲಿ, ಯಂತ್ರ ಓದುವಂಥ ಅಕ್ಷರದಲ್ಲೇ ಬರೆದೆ: 'ಮದುವೆ ಛತ್ರ, ಕೃಷ್ಣರಾಜನಗರ. ಹಿರಿಯರು ನಿಂತು ಬಡಿಸುವ ಮನೆ.'

ಮರುದಿನ ಹುಡುಕಿದರೆ ಮತ್ತೆ ಶ್ರದ್ಧಾಂಜಲಿ.

"ತೆಗುದ್ರೂ ಅದೆಯಲ್ಲ ಮೇಷ್ಟ್ರೇ?"

"ಹುಡುಕುವ ಯಂತ್ರ ತಾನು ಹಿಂದೆ ನೋಡಿದ್ದನ್ನೇ ತೋರಿಸುತ್ತಿದೆ. ಇನ್ನೊಮ್ಮೆ ಬಂದು ನೋಡಿ ಎಂದು ಅರ್ಜಿ ಹಾಕಿದ್ದೇನೆ."

"ಯಾವಾಗ ಬತ್ತದೆ?"

"ಹೇಳಲಾಗದು."

"ಲೈನ್‌ಮನ್ ಅನ್ನಿ, ಅರ್ಥ ಆಯ್ತದೆ."

ಕೋಟೆಯ ಹುಡುಗಿ

ಅಂತೂ ಯಂತ್ರ ಬಂದು ನೋಡಿತು. ಆಷಾಢ ಮುಗಿಯುವ ಮೊದಲೇ ಎಚ್.ಡಿ. ಕೋಟೆಯಿಂದ ಮದುವೆ ಹುಡುಗಿಯೇ ಫೋನ್ ಮಾಡಿದಳು. ಯಜಮಾನರು ನನಗೂ ಕೇಳಲೆಂದು ಸ್ಪೀಕರ್ ಹಾಕಿದರು. ಹೊಗೆಸೊಪ್ಪಿನ ತಮ್ಮನೂ ಪಕ್ಕದಲ್ಲೇ ಕೂತಿದ್ದ. ಶ್ರಾವಣದ ಮುಹೂರ್ತ ಗೊತ್ತಾಯಿತು. ತಮ್ಮನೇ ಎದ್ದು ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಗುರುತು ಹಾಕಿದ.

"ಇನ್ನೊಂದು ಮಾತು ಅಂಕಲ್," ಎಂದಳು ಹುಡುಗಿ. "ಫೋಟೋದಲ್ಲಿ ಪಾಯಸ ಬಡಿಸ್ತಿದ್ದಾರಲ್ಲ, ಆ ತಾತ ನಮ್ಮ ಮದುವೆಗೂ ಬರ್ತಾರಾ?"

ತಪ್ಪು ಕಂಡಲ್ಲಿ ತಿದ್ದುವುದು ನನ್ನ ಹುಟ್ಟುಗುಣ. ಬಾಯಿ ತೆರೆದೆ. ಯಜಮಾನರು ಕೈಯೆತ್ತಿ ತಡೆದರು. ಅವರ ಕಣ್ಣು ತುಂಬಿತ್ತು.

"ಬತ್ತಾರೆ ಕಣವ್ವ. ಅವರಿಲ್ದೆ ಇಲ್ಲಿ ಯಾವ ಮದುವೆ ನಡ್ದದೆ? ಆದ್ರೆ ಒಂದು, 'ಸಾಕು' ಅಂದ್ರೆ ಮಾತ್ರ ಅವ್ರಿಗೆ ಕೇಳ್ಸಕಿಲ್ಲ."