ಶುಂಠಿ ವ್ಯಾನಿಗೆ ಸಿಗ್ನಲ್ ಹಿಡಿದದ್ದು

ನಲವತ್ತು ಲಾರಿ ಹಸಿ ಶುಂಠಿ, ದೆಹಲಿಯ ಒಬ್ಬನೇ ಖರೀದಿದಾರ, ಮುಂಗಡ ಆಗಲೇ ನನ್ನ ಕೈಗೆ ಬಂದಾಗಿತ್ತು. ಹುಣಸೂರಿನಲ್ಲಿ ಮೂವತ್ತು ವರ್ಷ ಶುಂಠಿ ವ್ಯಾಪಾರ ಮಾಡಿದವನಿಗೂ ಇಂಥ ಮಾತು ಒಂದೋ ಎರಡೋ ಸಲ ಕುದುರುತ್ತದೆ. ಕುದುರಿದ ಮೇಲೆ, ಆಮೇಲೆ ನೆನೆಸಿಕೊಂಡು ನಗುವಂಥದ್ದು ಏನಾದರೂ ಆಗಿಯೇ ಆಗುತ್ತದೆ. ಆಗುವಾಗ ಮಾತ್ರ ನಗು ಬರುವುದಿಲ್ಲ, ಬೆವರು ಬರುತ್ತದೆ.

ದೆಹಲಿಯವನಿಗೆ ಹಿಂದೆ ಯಾರೋ ಚೀಲದಲ್ಲಿ ಮಣ್ಣುಹೆಂಟೆ ತುಂಬಿ ಕಳಿಸಿದ್ದರಂತೆ. ಹಾಗಾಗಿ ಅವನದೊಂದು ಷರತ್ತು. ಒಂದೊಂದು ಲಾರಿ ಲೋಡು ಮಾಡುವ ದಿನವೂ ನಾಲ್ಕು ಗಂಟೆಗೆ ಚೀಲ ತುಂಬಿ ಬಾಯಿ ಹೊಲಿಯುವುದನ್ನು ಅವನು ಕಂಪ್ಯೂಟರಿನಲ್ಲಿ ಕಣ್ಣಾರೆ ನೋಡಬೇಕು. ನಡುವೆ ಚಿತ್ರ ಕಡಿದರೆ ಒಂದು ತಪ್ಪು. ಮೂರು ತಪ್ಪಾದರೆ ಮಾತು ಮುರಿದಂತೆ, ಮುಂಗಡ ವಾಪಸ್. ಆ ಮುಂಗಡವನ್ನು ನಾನು ಅಷ್ಟು ಹೊತ್ತಿಗೆ ನಾಲ್ಕು ತಾಲ್ಲೂಕಿನ ಬೆಳೆಗಾರರಿಗೆ ಹಂಚಿ ಮುಗಿಸಿದ್ದೆ.

ಮದುವೆ ದಿಬ್ಬಣಕ್ಕೆ ಓಡಿ ಸವೆದ ಒಂದು ವ್ಯಾನ್ ಕೊಂಡೆ, ಓಡಿಸಲು ಒಬ್ಬ ಡ್ರೈವರನ್ನು ಇಟ್ಟುಕೊಂಡೆ. ಒಳಗೆ ಒಂದು ಮಂಚ, ಒಂದು ಗ್ಯಾಸ್ ಒಲೆ, ಮೇಜಿಗೆ ಬೋಲ್ಟ್ ಹಾಕಿ ಕೂರಿಸಿದ ಕಂಪ್ಯೂಟರ್. ಕ್ಯಾಮೆರಾ ಹಿಂಬಾಗಿಲಿನಿಂದ ಹೊರಕ್ಕೆ ಮುಖ ಮಾಡಿತ್ತು. ಯಾವ ಹೊಲದಲ್ಲಿ ಶುಂಠಿ ಕೀಳುತ್ತಾರೋ ಅಲ್ಲೇ ನಮ್ಮ ಮನೆ, ಅಲ್ಲೇ ಆಫೀಸು. ಬೇಕಾದದ್ದು ಇನ್ನು ಇಂಟರ್ನೆಟ್ ಒಂದೇ.

೧. ಡಬ್ಬಿಯ ಗ್ಯಾರಂಟಿ

ರೌಟರ್ ಡಬ್ಬಿ ಕೊಳ್ಳಲು ಹುಣಸೂರಿನ ಒಂದು ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವನು ಡಬ್ಬಿಗೆ ಸಿಮ್ ಹಾಕಿ, ಯಾವುದೋ ಕ್ರಿಕೆಟ್ ಆಟ ಹಚ್ಚಿ ತೋರಿಸಿದ. ಚೆಂಡಿನ ಹೊಲಿಗೆ ಕೂಡ ಎಣಿಸಬಹುದಿತ್ತು.

"ಇದು ಹೆಗ್ಗಡದೇವನಕೋಟೆ ಕಡೆ ಕಾಡಂಚಲ್ಲೂ ಹೀಗೇ ಓಡುತ್ತಾ?" ಎಂದು ಕೇಳಿದೆ.

"ಓಡ್ಬೇಕು ಸಾವ್ಕಾರ್ರೆ."

'ಓಡುತ್ತೆ' ಎನ್ನುವುದಕ್ಕೂ 'ಓಡಬೇಕು' ಎನ್ನುವುದಕ್ಕೂ ಎಷ್ಟು ದೂರ ಅಂತ ವ್ಯಾಪಾರಸ್ಥನಿಗೆ ಬೇರೆ ಹೇಳಿಕೊಡಬೇಕಿಲ್ಲ. ಅಂಗಡಿಯ ಬೋರ್ಡಿನ ಕಡೆ ಬೆರಳು ತೋರಿಸಿದೆ. "ಒಂದು ವರ್ಷ ಗ್ಯಾರಂಟಿ ಅಂತ ಬೋರ್ಡು ಹಾಕಿದ್ದೀರಲ್ಲ?" ಎಂದೆ.

ಅವನು ಬಿಲ್ಲು ಹರಿದು ಕೊಡುತ್ತಾ, "ಗ್ಯಾರಂಟಿ ಡಬ್ಬಿಗೆ ಕಣ್ರೀ, ಊರಿಗಲ್ಲ" ಅಂದ.

೨. ಕೆರೆ ಏರಿ

ಮೊದಲ ಏಳು ಲೋಡು ಹುಣಸೂರಿನ ಸುತ್ತಮುತ್ತ ಸಲೀಸಾಗಿ ಹೋಯಿತು. ಎಂಟನೆಯದು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ತಗ್ಗಿನ ಹೊಲ. ಅಲ್ಲಿ ಶುಂಠಿ ಇತ್ತು, ಸಿಗ್ನಲ್ ಇರಲಿಲ್ಲ. ವ್ಯಾನನ್ನು ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಪಕ್ಕ ನಿಲ್ಲಿಸಿದೆವು, ಮಾರಿಗುಡಿ ಮುಂದೆ ನಿಲ್ಲಿಸಿದೆವು, ಡೇರಿ ಹಿಂದೆ ನಿಲ್ಲಿಸಿದೆವು. ಡಬ್ಬಿಯಲ್ಲಿ ಕೆಂಪು ದೀಪ ಹೋಗಲೊಲ್ಲದು. ಕೊನೆಗೆ ಊರಿನವರೊಬ್ಬರು, "ನಮ್ಮೂರ್ನಾಗೆ ಫೋನ್ ಮಾತಾಡ್ಬೇಕು ಅಂದ್ರೆ ಎಲ್ರೂ ಕೆರೆ ಏರಿ ಮ್ಯಾಲೇ ಓಗಾದು" ಎಂದು ದಾರಿ ತೋರಿಸಿದರು.

ಏರಿಯ ಮೇಲೆ ಹಸಿರು ದೀಪ ಹತ್ತಿತು. ಹೊಲದಿಂದ ಶುಂಠಿಯನ್ನು ಟ್ರ್ಯಾಕ್ಟರಿನಲ್ಲಿ ಹೇರಿ ತಂದು, ಕೆರೆಯಲ್ಲೇ ತೊಳೆಸಿ, ಏರಿಯ ಮೇಲೆ ಚೀಲ ತುಂಬಿಸಲು ಶುರು ಮಾಡಿದೆವು. ಹಿಂದಿನ ದಿನ ಮಳೆ ಬಂದಿತ್ತು. ತೊಳೆದ ನೀರು ಬೇರೆ ಸೇರಿ ಜೇಡಿಮಣ್ಣು ಬೆಣ್ಣೆಯಾಗಿತ್ತು. ನಾನು ಕಂಪ್ಯೂಟರಿನ ಮುಂದೆ, ಡ್ರೈವರ್ ಸ್ಟೇರಿಂಗಿನ ಮುಂದೆ. ಎಡಗಡೆ ಕಿಟಕಿಯಲ್ಲಿ ನೀರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ನನಗೆ ಈಜು ಬರುವುದಿಲ್ಲ.

ಅರ್ಧದಷ್ಟು ಚೀಲ ತುಂಬಿರಬೇಕು, ದೆಹಲಿಯವನು ಕೇಳಿದ. ಅವನ ಹಿಂದಿಯನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. "ಯಾಕೆ ಜನ ಎಲ್ಲ ವಾರೆಯಾಗಿ ಕಾಣುತ್ತಿದ್ದಾರೆ?"

"ನಮ್ಮ ಕಡೆ ನೆಲವೇ ಹಾಗೆ" ಎಂದೆ. ಅಷ್ಟರಲ್ಲಿ ಹಿಂದಿನ ಚಕ್ರ ಒಂದು ಗೇಣು ಜಾರಿತು. ಆಮೇಲೆ ಏನಾಯಿತೋ ನೆನಪಿಲ್ಲ. ನೆನಪಾಗುವ ಹೊತ್ತಿಗೆ ನಾನು ಏರಿಯ ಆಚೆ ಬದಿಯ ಗದ್ದೆಯಲ್ಲಿ ನಿಂತಿದ್ದೆ. ಜಿಗಿಯುವಾಗ ಕಾಲಿಗೆ ಸಿಕ್ಕಿದ ಡಬ್ಬಿಯ ವೈರು ಕಿತ್ತುಕೊಂಡು ನನ್ನ ಜೊತೆಗೇ ಬಂದಿತ್ತು. ವ್ಯಾನ್ ಒಂದು ಕಲ್ಲಿಗೆ ಆತುಕೊಂಡು ಅಲ್ಲೇ ನಿಂತಿತ್ತು. ಮೊದಲ ತಪ್ಪು ಬಿತ್ತು.

ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಅಣ್ಣೋ, ಅಷ್ಟು ದುಡ್ಡಿನ ಕಂಪ್ಯೂಟರ್ ಬುಟ್ಟು ಓಡೋಗ್ಬುಟ್ರಲ್ಲ" ಅಂದ.

"ನಿನ್ನನ್ನೇ ಬಿಟ್ಟು ಬಂದಿದ್ದೇನೆ, ಕಂಪ್ಯೂಟರ್ ಯಾವ ಲೆಕ್ಕ" ಎಂದೆ.

೩. ತೂಕಕ್ಕೆ ಕಟ್ಟಿದ್ದು

ಅದಾದ ಮೇಲೆ ಬುದ್ಧಿ ಬಂದು ಎತ್ತರದ ಒಂದು ಆಂಟೆನಾ ತಂದೆ. ಉದ್ದನೆಯ ಬೊಂಬಿಗೆ ಅದನ್ನು ಕಟ್ಟಿ ವ್ಯಾನಿನ ನೆತ್ತಿಯ ಮೇಲೆ ನಿಲ್ಲಿಸುವುದು. ತಗಡಿಗೆ ತೂತು ಕೊರೆದರೆ ಮಳೆನೀರು ಕಂಪ್ಯೂಟರಿನ ಮೇಲೇ ಸೋರುತ್ತದೆ, ಹಾಗಾಗಿ ಬೊಂಬಿನ ಬುಡಕ್ಕೆ ತೂಕ ಕಟ್ಟಿ ನಿಲ್ಲಿಸು ಎಂದು ಡ್ರೈವರಿಗೆ ಹೇಳಿದ್ದೆ. ಅವನು ಕಟ್ಟಿದ. ಏನು ಕಟ್ಟಿದ ಎಂದು ನಾನು ಹತ್ತಿ ನೋಡಲಿಲ್ಲ. ಆಂಟೆನಾದಿಂದ ಹದಿನೈದು ಲೋಡು ಒಂದು ಕೊರತೆಯಿಲ್ಲದೆ ಹೋಯಿತು.

ಮುಂದಿನದು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಕಾಡಂಚಿನ ಹೊಲ. ಆನೆ ಕಂದಕದ ಪಕ್ಕದ ದಿಣ್ಣೆಯ ಮೇಲೆ ಮಾತ್ರ ಸಿಗ್ನಲ್. ಪಕ್ಕದ ಗಿರಿಜನರ ಹಾಡಿಯಿಂದ ಒಬ್ಬ ಅಜ್ಜಿ ಮಗ ಸೊಸೆಯರ ಜೊತೆ ಶುಂಠಿ ತೊಳೆಯಲು ಬಂದಿದ್ದರು. ಮಧ್ಯಾಹ್ನ ಊಟಕ್ಕೆ ಕೂತಾಗ ಅಜ್ಜಿ ವ್ಯಾನಿನ ಮೇಲಕ್ಕೇ ನೋಡುತ್ತಿದ್ದರು.

"ಸಾಮಿ, ಅದನ್ನ ಇಳ್ಸಿಬುಡಿ."

"ಇಳಿಸಿದರೆ ಕೆಲಸ ನಿಲ್ಲುತ್ತದಮ್ಮ" ಎಂದೆ. ಆಂಟೆನಾ ಕಂಡು ಗಾಬರಿಯಾಗಿದ್ದಾರೆ ಎಂದುಕೊಂಡೆ. "ಅದರಿಂದ ಯಾರಿಗೂ ಏನೂ ಆಗುವುದಿಲ್ಲ."

"ನಮಗೇನೂ ಆಗಕಿಲ್ಲ" ಅಂದು ಅಜ್ಜಿ ತಟ್ಟೆ ತೊಳೆಯಲು ಎದ್ದರು.

ನಾಲ್ಕೂವರೆಯ ಹೊತ್ತಿಗೆ ಹೊರಗಿನ ಮಾತು ಒಂದೇ ಸಲಕ್ಕೆ ನಿಂತಿತು. ತಿರುಗಿ ನೋಡಿದರೆ ಚೀಲದ ಹತ್ತಿರ ಒಬ್ಬರೂ ಇಲ್ಲ. ಎಲ್ಲರೂ ದೂರದ ಹುಣಸೆ ಮರದ ಬಳಿ ನಿಂತು ನನಗೆ ಕೈಸನ್ನೆ ಮಾಡುತ್ತಿದ್ದಾರೆ, ಅವರಲ್ಲಿ ನನ್ನ ಡ್ರೈವರೂ ಇದ್ದಾನೆ. ಹಿಂಬಾಗಿಲಿನಲ್ಲಿ ಬೆಳಕು ಹೋಗಿ ಬೂದಿ ಬಣ್ಣದ ಗೋಡೆಯೊಂದು ಬಂದು ನಿಂತಿತು. ಗೋಡೆ ಉಸಿರಾಡುತ್ತಿತ್ತು.

ನಾನು ಮೇಜಿನ ಅಡಿಗೆ ಹೋದೆ. ಮೇಲೆ ಕಂಪ್ಯೂಟರಿನಲ್ಲಿ ದೆಹಲಿಯವನು, "ಅರೆ, ಬನ್ನಿ ಬನ್ನಿ, ಮಕ್ಕಳನ್ನೂ ಕರೆಯಿರಿ" ಎಂದು ಮನೆಯವರನ್ನೆಲ್ಲ ಕೂಗುವುದು ಕೇಳಿಸಿತು. ನೆತ್ತಿಯ ಮೇಲೆ ತಗಡು ಕಿರ್ರೆಂದಿತು, ಬೊಂಬು ಲಟಕ್ಕೆಂದು ಮುರಿಯಿತು, ದೆಹಲಿ ಹೋಯಿತು. ಆಮೇಲೆ ಬಹಳ ಹೊತ್ತು ನಿಧಾನವಾಗಿ ಅಗಿಯುವ ಸದ್ದು. ಹಲಸಿನ ಹಣ್ಣಿನ ವಾಸನೆ ವ್ಯಾನಿನ ತುಂಬ.

ಡ್ರೈವರ್ ತೂಕಕ್ಕೆ ಕಟ್ಟಿದ್ದು ನಾಲ್ಕು ಹಲಸಿನ ಹಣ್ಣು. "ಕಲ್ಲು ಕಟ್ಟುದ್ರೆ ತಗಡು ಕೆರೀತದೆ ಕಣಣ್ಣ. ಇದಾದ್ರೆ ತೂಕಕ್ಕೂ ಆಯ್ತು, ತಿನ್ನಾಕೂ ಆಯ್ತು ಅಂತ" ಎಂದ. ಎರಡು ಸಲ ಹಣ್ಣು ಬದಲಾಯಿಸಿಯೂ ಇದ್ದನಂತೆ.

ಅಜ್ಜಿ ಬಂದು ನನ್ನನ್ನು ಮೇಜಿನ ಅಡಿಯಿಂದ ಎಬ್ಬಿಸಿದರು. "ಆನೆಗೆ ಎಲೆ ಆಕಿ ಬಡ್ಸಿಟ್ಟು, ಯಾಕ್ ಬಂತು ಅಂತ ನಡುಗ್ತೀರಲ್ಲ ಸಾಮಿ."

ರಾತ್ರಿ ದೆಹಲಿಯವನ ಫೋನು ಬಂತು. ಆನೆ ಬಹಳ ಚೆನ್ನಾಗಿತ್ತು, ಆದರೆ ಕಡಿದದ್ದು ಕಡಿದದ್ದೇ, ಇದು ಎರಡನೇ ತಪ್ಪು ಎಂದ. ಇಡುವ ಮೊದಲು, "ಮಕ್ಕಳು ಕೇಳುತ್ತಿದ್ದಾರೆ, ನಾಳೆಯೂ ಬರುತ್ತದಾ?" ಎಂದು ವಿಚಾರಿಸಿದ.

೪. ಟವೆಲ್ ಅಡಿಯಲ್ಲಿ

ನಡುವಿನ ಲೋಡುಗಳು ಸಲೀಸಾಗಿ ಹೋದವು; ನಲವತ್ತನೆಯದು ಕೆ.ಆರ್. ನಗರದ ಆಚೆ, ಸಾಲಿಗ್ರಾಮದ ಹತ್ತಿರ. ಇದೊಂದು ಹೋದರೆ ಗೆದ್ದೆ, ಕಡಿದರೆ ಮೂರನೇ ತಪ್ಪು. ಎರಡು ಕಂಪನಿಯ ಸಿಮ್ಮು, ಎರಡು ಡಬ್ಬಿ, ಹೊಸ ಆಂಟೆನಾ, ಹೊಸ ಬೊಂಬು, ಬುಡಕ್ಕೆ ಕಲ್ಲು. ನಾಲ್ಕು ಗಂಟೆಗೆ ದೆಹಲಿ ಕನ್ನಡಿಯ ಹಾಗೆ ಬಂತು. ಅಷ್ಟು ಒಳ್ಳೆಯ ಸಿಗ್ನಲ್ ಆ ಎರಡು ತಿಂಗಳಲ್ಲಿ ನಾನು ಕಂಡಿರಲಿಲ್ಲ.

ಸರಿಯಾಗಿ ಆಗ ಹೊಲದ ಯಜಮಾನರು ಚೀಲದ ಮೇಲೆ ಕೂತುಬಿಟ್ಟರು. ಮೊದಲೆಲ್ಲ ಎತ್ತಿನ ದಲ್ಲಾಳಿ ಮಾಡುತ್ತಿದ್ದವರು. ಬೆಳಿಗ್ಗೆ ಆಡಿದ ರೇಟು ಸಾಲದಂತೆ.

"ಎಷ್ಟು ಬೇಕು ಹೇಳಿ" ಎಂದೆ.

"ಬಾಯಲ್ಲಿ ಏಳಾಕಿಲ್ಲ. ನಮ್ ದಾಯಾದಿಗಳು ಕಿವಿ ಬುಟ್ಕೊಂಡು ನಿಂತವ್ರೆ. ಟವಲ್ ಆಕಿ."

ನನಗೂ ಅದೇ ಬೇಕಿತ್ತು. ನಾನು ಕೊಳ್ಳುವ ರೇಟು ದೆಹಲಿಯವನ ಕಿವಿಗೆ ಬಿದ್ದರೆ ನಾಳೆ ವ್ಯಾಪಾರ ಇರುವುದಿಲ್ಲ. ಕ್ಯಾಮೆರಾದ ಎದುರಿಗೇ ಕೂತು, ಟವೆಲ್ ಅಡಿಯಲ್ಲಿ ಇಬ್ಬರೂ ಕೈ ಹಿಡಿದೆವು. ದನದ ಜಾತ್ರೆಯ ಪದ್ಧತಿ ಗೊತ್ತಲ್ಲ. ಮಾರುವವನು ಹಿಡಿದ ಒಂದೊಂದು ಬೆರಳಿಗೆ ಚೀಲಕ್ಕೆ ನೂರು ರೂಪಾಯಿ. ಬೆರಳು ಬಿಟ್ಟು ಬೇರೇನೂ ಅಲ್ಲಾಡಬಾರದು. ಮುಖದಲ್ಲಿ ಒಂದು ಗೆರೆ ಮಿಸುಕಿದರೆ ಎದುರಿನವನು ತಿಳಿದುಕೊಳ್ಳುತ್ತಾನೆ. ಮಾತಾಡಿದವನು ಸೋತ. ಸುತ್ತ ನಿಂತ ದಾಯಾದಿಗಳೂ ಉಸಿರು ಬಿಗಿ ಹಿಡಿದು, ನಮ್ಮ ಮುಖ ನೋಡಿ ರೇಟು ಊಹಿಸುತ್ತಿದ್ದರು. ಗಾಳಿ ಕೂಡ ಇರಲಿಲ್ಲ.

ಹೀಗೆ ಐದು ನಿಮಿಷ ಆಗಿರಬೇಕು. ವ್ಯಾನಿನೊಳಗಿಂದ ದೆಹಲಿಯವನ ದನಿ ಕೇಳಿಸಿತು.

"ಹಲೋ. ಹಲೋ. ಚಿತ್ರ ನಿಂತುಹೋಗಿದೆ."

ಬಾಯಿ ಬಿಟ್ಟರೆ ಟವೆಲ್ ಅಡಿಯಲ್ಲಿ ಸೋಲುತ್ತೇನೆ, ಬಿಡದಿದ್ದರೆ ನಲವತ್ತು ಲೋಡಿನ ಮಾತು ಹೋಗುತ್ತದೆ.

"ದನಿಯೂ ಇಲ್ಲ. ಇದು ಮೂರನೆಯದು. ನಾನು ಇಡುತ್ತೇನೆ."

ಡ್ರೈವರಿಗೆ ಹಿಂದಿ ಬಾರದು, ಆದರೆ 'ತೀಸ್ರಾ' ಎಂದರೆ ಮೂರನೆಯದು ಎನ್ನುವುದು ತಿಳಿಯಿತು. ವ್ಯಾನಿನಿಂದ ಹಾರಿ ಬಂದು ಕ್ಯಾಮೆರಾದ ಮುಂದೆ ನಿಂತು, ಚಿತ್ರ ಓಡುತ್ತಿದೆ ಎಂದು ತೋರಿಸಲು ಎರಡು ಕೈಯನ್ನೂ ಬೀಸಿದ. ಸಾಲದೆಂದು ಖಾಲಿ ಚೀಲವೊಂದನ್ನು ಸುತ್ತುತ್ತಾ ಕುಣಿಯತೊಡಗಿದ. ಅವನ ಹಿಂದೆ ನಾವು ಹದಿನೈದು ಜನ ಕಲ್ಲಿನ ಹಾಗೆ ಕೂತೇ ಇದ್ದೆವು.

ದೆಹಲಿಯವನು ಹೇಳಿದ: "ಇದೆಂಥ ನೆಟ್ ಇಟ್ಟಿದ್ದೀರಿ? ಮುಂದಿನವನಿಗೆ ಬರುತ್ತಿದೆ, ಹಿಂದಿನವರಿಗೆ ಬರುತ್ತಿಲ್ಲ."

ಆ ಹೊತ್ತಿಗೆ ಯಜಮಾನರು ನನ್ನ ಒಂದು ಬೆರಳು ಬಿಟ್ಟು, ಕೈ ಅದುಮಿ, ಟವೆಲ್ ಕೊಡವಿದರು. ವ್ಯಾಪಾರ ಮುಗಿಯಿತು. ನಾನು ಕ್ಯಾಮೆರಾದ ಹತ್ತಿರ ಓಡಿದೆ. ಟವೆಲ್ ವಿಷಯ ವಿವರಿಸಿದೆ. ಅವನು ನಂಬಲಿಲ್ಲ. ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದ.

"ಆಗಲಿ. ಡ್ರೈವರ್ ಅಲ್ಲಾಡುತ್ತಿದ್ದುದೂ ಕಣ್ಣಾರೆ ಕಂಡಿರಲ್ಲ?"

"ಕಂಡೆ."

"ಅಂದರೆ ಅರ್ಧ ಓಡಿತು, ಅರ್ಧ ನಿಂತಿತು. ಅರ್ಧ ತಪ್ಪು. ಮೊದಲಿನ ಎರಡು ಸೇರಿ ಎರಡೂವರೆ. ನಮ್ಮ ಮಾತು ಮೂರಕ್ಕೆ."

ಈಗ ನಿಜವಾಗಿಯೂ ಕಡಿಯಿತೇನೋ ಎಂದು ತಿರುಗಿ ಡಬ್ಬಿಯ ದೀಪ ನೋಡಿದೆ, ಹಸಿರೇ ಇತ್ತು. ಆಮೇಲೆ ಅವನು, "ಚೀಲ ತುಂಬಿಸಿ" ಎಂದ.

ಲಾರಿ ಹೊರಟ ಮೇಲೆ ಯಜಮಾನರನ್ನು ಕೇಳಿದೆ. "ಅಷ್ಟು ಗಟ್ಟಿ ಹಿಡಿದಿದ್ದವರು ಕೊನೆಗೆ ಒಂದು ಬೆರಳು ಬಿಟ್ಟಿರಲ್ಲ, ಯಾಕೆ?"

"ನಿಮ್ ಕೈ ಒಳ್ಗೆ ಗಡಗಡ ಅಂತಿತ್ತು ಸಾವ್ಕಾರ್ರೆ. ಪಾಪ, ಕೈ ಖಾಲಿ ಇದ್ರೂ ಮಾತಿಗೆ ಬಂದವ್ರಲ್ಲ ಅಂತ ಬುಟ್ಟೆ ಬುಡಿ."

ನಲವತ್ತು ಲೋಡು ಹೋಯಿತು, ಮಾತು ಉಳಿಯಿತು. ಕಳೆದದ್ದು ಒಂದು ಆಂಟೆನಾ, ಒಂದು ಬೊಂಬು, ನಾಲ್ಕು ಹಲಸಿನ ಹಣ್ಣು. ಎರಡು ತಿಂಗಳು ಪಟ್ಟ ಭಯಕ್ಕೆ ಗಿಟ್ಟಿದ್ದು, ಕೊನೆಯ ಲೋಡಿನಲ್ಲಿ, ಚೀಲಕ್ಕೆ ನೂರು ರೂಪಾಯಿ.