ಬಾರಿನ ಮುಂದೆ ನಿಂತ ಸೀರೆ ಗಾಡಿ

ಕತ್ತಲಾದರೆ ಎಲ್ಲರಿಗೂ ನಿದ್ದೆ ಬರುತ್ತದೆ, ನನಗೆ ಮಾತ್ರ ಪ್ರಸಂಗಗಳು ಬರುತ್ತಿದ್ದವು. ನಾನಾಗಿ ಯಾವುದನ್ನೂ ಕರೆದವಳಲ್ಲ. ಗಾಡಿ ನಿಲ್ಲಿಸಿ, ಕಾಲು ಚಾಚಿ, ಕಣ್ಣು ಮುಚ್ಚಬೇಕು ಅನ್ನುವಷ್ಟರಲ್ಲಿ ಯಾರೋ ಬಾಗಿಲು ತಟ್ಟುತ್ತಿದ್ದರು.

ಪೆಟ್ರೋಲ್ ಸಿಗದೆ ಜನ ಪಂಪಿನ ಮುಂದೆ ಸಾಲು ನಿಂತಿದ್ದ ಕಾಲ ಅದು. ಡೆಟ್ರಾಯಿಟಿನ ಕಾರಿನ ಬಿಡಿಭಾಗದ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದ ನಮ್ಮ ಯಜಮಾನರ ಕೆಲಸ ಹೋಯಿತು. ಅದೇ ಕಾರಣಕ್ಕೆ ದೊಡ್ಡ ಗಾಡಿಗಳು ಯಾರಿಗೂ ಬೇಡವಾಗಿ ಅಗ್ಗಕ್ಕೆ ಬಂದವು. ನಾನು ಒಂದು ಹಳೆಯ ಮೋಟರ್ ಹೋಮ್ ಕೊಂಡೆ. ಒಳಗೆ ಒಲೆ, ಮಂಚ, ಅಂಗೈಯಗಲದ ಬಚ್ಚಲು ಎಲ್ಲ ಇತ್ತು. ಉಳಿದ ಜಾಗದಲ್ಲಿ ಸೀರೆ, ಬೇಳೆ, ಸಾಂಬಾರ್ ಪುಡಿ, ಅರಿಶಿನ ಕುಂಕುಮ, ಊದುಬತ್ತಿ ತುಂಬಿಕೊಂಡು ಶಿಕಾಗೋದಿಂದ ಡೆಟ್ರಾಯಿಟಿನವರೆಗೆ ನಮ್ಮವರ ಮನೆಮನೆಗೆ ಮಾರಲು ಹೊರಟೆ. ನಾನು ಓದಿದ್ದು ಪ್ರೈಮರಿ. ಇಂಗ್ಲಿಷನ್ನು ಕಲಿತದ್ದು ಗಾಡಿಯ ಜೊತೆ ಬಂದ ಪುಸ್ತಕದಿಂದ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೂ ಓದಿದೆ. ಹಾಗಾಗಿ ಸ್ಟೀರಿಂಗ್ ನನ್ನದು, ಮ್ಯಾಪ್ ಯಜಮಾನರದು.

ರಾತ್ರಿ ಯಾರ ಮನೆಯಲ್ಲೂ ಮಲಗಬಾರದು ಅನ್ನುವುದು ನಾನೇ ಮಾಡಿಕೊಂಡ ಕಾನೂನು. ಒಮ್ಮೆ ಮಲಗಿದರೆ ಮುಗಿಯಿತು, ಬೆಳಿಗ್ಗೆ "ಆಂಟಿ, ನೀವು ನಮ್ಮ ಮನೆಯವರ ಹಾಗೆ, ಸೀರೆಗೆ ಇಷ್ಟು ಹೇಳಿದರೆ ಹೇಗೆ?" ಅನ್ನುತ್ತಾರೆ. ಸಬ್‌ಡಿವಿಷನ್ ಅನ್ನುವ ಅಲ್ಲಿಯ ಬಡಾವಣೆಗಳ ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಬಿಡುವುದಿಲ್ಲ. ಇಂಥ ಗಾಡಿಯವರು ತಂಗಲೆಂದೇ ಇರುವ ಕ್ಯಾಂಪ್‌ಗ್ರೌಂಡುಗಳಿಗೆ ಚಳಿಗಾಲದಲ್ಲಿ ಬೀಗ ಹಾಕಿರುತ್ತಾರೆ. ಹಿಮ ಎಷ್ಟೇ ಬೀಳಲಿ, ಯಾರು ತೆಗೆಯಲಿ ಬಿಡಲಿ, ಬಾರಿನವರು ಮಾತ್ರ ತಮ್ಮ ಪಾರ್ಕಿಂಗ್ ಲಾಟನ್ನು ತಪ್ಪದೆ ಚೊಕ್ಕ ಮಾಡಿ ಇಟ್ಟಿರುತ್ತಾರೆ. ದೀಪವಿರುತ್ತದೆ, ಜನವಿರುತ್ತಾರೆ. ಅದಕ್ಕೆ ನಾವು ಬಾರಿನ ಮುಂದೆ ಮಲಗುತ್ತಿದ್ದೆವು.

ಆದರೆ ಇದು ನಮ್ಮವರಿಗೆ ಗೊತ್ತಾಗುವ ಹಾಗಿರಲಿಲ್ಲ. ಡೆಟ್ರಾಯಿಟಿನ ಪಕ್ಕದ ಟ್ರಾಯ್‌ನಲ್ಲಿ ನಮ್ಮ ಕನ್ನಡ ಸಂಘದ ಅಧ್ಯಕ್ಷರ ಹೆಂಡತಿ ಇದ್ದರು. ಸಾಂಬಾರ್ ಪುಡಿಯನ್ನು ಸ್ನಾನ ಮಾಡಿ ಕುಟ್ಟಿದ್ದೋ ಅಲ್ಲವೋ ಎಂದು ಕೇಳಿಯೇ ಡಬ್ಬಿ ಮುಟ್ಟುವ ಹೆಂಗಸು. ಆಕೆ ಕೊಂಡರೆ ಆ ಕಡೆಯ ಎಲ್ಲರೂ ಕೊಳ್ಳುತ್ತಿದ್ದರು, ಆಕೆ ಬಿಟ್ಟರೆ ಎಲ್ಲರೂ ಬಿಡುತ್ತಿದ್ದರು. ಕುಂಕುಮ ಮಾರುವವಳು ಹೆಂಡದಂಗಡಿಯ ಮುಂದೆ ಮಲಗುತ್ತಾಳೆಂದು ಆಕೆಯ ಕಿವಿಗೆ ಬಿದ್ದರೆ ನಮ್ಮ ಅನ್ನ ಅಂದಿಗೆ ಮುಗಿಯಿತು. ಯಾರೇ ಕೇಳಿದರೂ ನಾವು "ಕ್ಯಾಂಪ್‌ಗ್ರೌಂಡಿನಲ್ಲಿ ಇಳಿದುಕೊಳ್ಳುತ್ತೇವೆ" ಅನ್ನುತ್ತಿದ್ದೆವು. ಯಜಮಾನರು ಧಾರವಾಡದ ಕಡೆಯವರು, ಸುಳ್ಳು ಹೇಳಲು ಬರುವುದಿಲ್ಲ. ಆ ಪ್ರಶ್ನೆ ಬಂದ ಕೂಡಲೇ ಟೈರ್ ನೋಡಿ ಬರುತ್ತೇನೆಂದು ಎದ್ದು ಹೋಗುತ್ತಿದ್ದರು.

ಬಿಸಿನೀರು

ಮೊದಲ ಸಲ ನಿಲ್ಲಿಸಿದ್ದು ಶಿಕಾಗೋ ಪಕ್ಕದ ಬೋಲಿಂಗ್‌ಬ್ರೂಕಿನ ಹತ್ತಿರ. ಗಿರಾಕಿಗಳಿಗೆ ಮಾತ್ರ ಜಾಗ ಎಂದು ಬೋರ್ಡಿತ್ತು. ಯಜಮಾನರು, "ಮುಂದ ಹೋಗೂಣು ನಡಿ" ಅಂದರು. ನನಗೆ ಸೊಂಟ ಬಿದ್ದುಹೋಗಿತ್ತು. "ಗಿರಾಕಿ ಆದರೆ ಆಯಿತಲ್ಲ" ಎಂದು ಸೀರೆಯ ಮೇಲೆ ಕೋಟು ಹಾಕಿಕೊಂಡು ಒಳಗೆ ಹೋದೆ. ಅಷ್ಟು ಹೊತ್ತು ಗಲಾಟೆಯಾಗಿದ್ದ ಬಾರು ಪರೀಕ್ಷೆಯ ಕೋಣೆಯ ಹಾಗೆ ಸುಮ್ಮನಾಯಿತು.

"ಏನು ಕೊಡಲಿ ಮೇಡಂ?" ಅಂದ ಕೌಂಟರಿನವನು.

"ಒಂದು ಲೋಟ ಬಿಸಿನೀರು."

ಕೊಟ್ಟ. ದಿನವಿಡೀ ಗಾಡಿ ಓಡಿಸಿ ಗಂಟಲು ಕೆಟ್ಟಿತ್ತು. "ಒಂದು ನಿಂಬೆ ಹೋಳು" ಅಂದೆ. ಕೊಟ್ಟ. "ಸ್ವಲ್ಪ ಉಪ್ಪು" ಅಂದೆ.

ಅವನು ಉಪ್ಪು, ನಿಂಬೆ ಎರಡನ್ನೂ ನನ್ನ ಮುಂದೆ ಜೋಡಿಸಿ ಕಾಯುತ್ತ ನಿಂತ. ಅಕ್ಕಪಕ್ಕದ ಸ್ಟೂಲಿನವರೂ ಕತ್ತು ಚಾಚಿದರು. ಉಪ್ಪು, ನಿಂಬೆ ನೆಕ್ಕಿಕೊಂಡು ಕುಡಿಯುವ ಯಾವುದೋ ಖಡಕ್ ಹೆಂಡ ಇದೆ ಅನ್ನುವುದು ನನಗೇನು ಗೊತ್ತು? ನಾನು ಎರಡನ್ನೂ ನೀರಿಗೆ ಹಾಕಿ, ಕದಡಿ, ಗಟಗಟ ಕುಡಿದು ಲೋಟ ಕೆಳಗಿಟ್ಟೆ.

ಅವನು ಮುಂದೆ ಬಾಗಿ ಬಹಳ ಮರ್ಯಾದೆಯಿಂದ ಕೇಳಿದ, "ಮೇಡಂ, ಮುಖ್ಯವಾದದ್ದನ್ನು ಗಾಡಿಯಲ್ಲೇ ಮುಗಿಸಿಕೊಂಡು ಬಂದಿರಾ?"

ಶುಕ್ರವಾರ

ಹೆದ್ದಾರಿಯಿಂದ ಕಲಮಜೂ ಕಡೆಗೆ ಇಳಿಯುವ ಎಕ್ಸಿಟ್ಟಿನಲ್ಲಿ ಇನ್ನೊಂದು ಬಾರು. ನಾವು ಹೋದ ಸಂಜೆ ಅಲ್ಲಿ ಇಬ್ಬರು ಗಂಡಸರು ಹೊಡೆದಾಡಿಕೊಂಡಿದ್ದರಂತೆ. ಅದರಲ್ಲಿ ಒಬ್ಬ ಮನೆಗೆ ಬಂದಿಲ್ಲವೆಂದು ಅವನ ಹೆಂಡತಿ ಬೆಳಿಗ್ಗೆ ಪೊಲೀಸರಿಗೆ ಫೋನ್ ಮಾಡಿದ್ದಳಂತೆ. ಇದ್ಯಾವುದೂ ನಮಗೆ ತಿಳಿಯದು.

ಬೆಳಿಗ್ಗೆ ಶುಕ್ರವಾರ. ಗಾಡಿಯಾದರೇನು, ಹೊಸಿಲು ಹೊಸಿಲೇ. ಬಾಗಿಲ ಮೆಟ್ಟಿಲಿಗೆ ಅರಿಶಿನ ಹಚ್ಚಿದೆ. ಹಿಮದ ಮೇಲೆ ಬಿಳಿ ರಂಗೋಲಿ ಇಟ್ಟರೆ ಯಾರಿಗೆ ಕಾಣಬೇಕು? ಅದಕ್ಕೆ ಕುಂಕುಮದಲ್ಲೇ ಧಾರಾಳವಾಗಿ ಒಂದು ಪದ್ಮ ಬಿಡಿಸಿದೆ. ಒಳಗೆ ಬಂದು ಕಾಫಿಗಿಟ್ಟೆ. ಬಿಸಿಲು ಬಂತು, ಹಿಮ ಕರಗಿತು, ನನ್ನ ಪದ್ಮವೂ ಜೊತೆಗೆ ಕರಗಿ ಕೆಂಪಗೆ ಲಾಟಿನ ಉದ್ದಕ್ಕೂ ಹರಿಯಿತು.

ಬಾಗಿಲು ತಟ್ಟಿದ ಪೊಲೀಸಿನವನ ಕೈ ಸೊಂಟದ ಪಿಸ್ತೂಲಿನ ಮೇಲಿತ್ತು. "ಇದೇನು?" ಅಂದ.

"ಪೂಜೆ" ಅಂದೆ. ಅದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಇನ್ನೂ ಕೆಟ್ಟದಾಗಿ ಕೇಳಿಸಿತು.

ಅವನ ಕಣ್ಣು ನನ್ನ ಹೆಗಲ ಮೇಲಿಂದ ಒಳಗೆ ಹೋಯಿತು. ಮಂಚದ ಮೇಲೆ ತಲೆಯಿಂದ ಕಾಲಿನವರೆಗೆ ರಗ್ಗು ಮುಚ್ಚಿದ ಒಂದು ಉದ್ದನೆಯ ಆಕಾರ.

"ಅದು ಯಾರು?"

"ನನ್ನ ಗಂಡ."

"ಜೀವಂತವಾಗಿದ್ದಾರೆಯೇ?"

ಅಷ್ಟು ಬೆಳಿಗ್ಗೆ ನನಗೆ ತಾಳ್ಮೆ ಇರಲಿಲ್ಲ. "ನೀವೇ ಎಬ್ಬಿಸಿ ನೋಡಿ. ಮದುವೆಯಾದಾಗಿನಿಂದ ನಾನೂ ದಿನಾ ಬೆಳಿಗ್ಗೆ ನೋಡುತ್ತಿದ್ದೇನೆ" ಅಂದೆ.

ಕಾಣೆಯಾದವನು ಬಾರಿನ ಹಿಂದೆ ತನ್ನ ಕಾರಿನಲ್ಲೇ ಗೊರಕೆ ಹೊಡೆಯುತ್ತಿದ್ದ. ಪೊಲೀಸಿನವನು ಕಾಫಿ ಕುಡಿದು, ಹೋಗುವಾಗ ಕೆಂಪು ಕಾಲುವೆಯನ್ನು ಹುಷಾರಾಗಿ ದಾಟಿಕೊಂಡು ಹೋದ. ಯಜಮಾನರು ಆಗ ಎದ್ದು ಕೂತು ಕೇಳಿದರು, "ಯಾರು ಬಂದಿದ್ರು? ಸೀರಿ ತಗೊಂಡ್ರೇನು?"

ಒಂದೇ ಡಬ್ಬಿ

ಟ್ರಾಯ್‌ನಿಂದ ಪಾಂಟಿಯಾಕಿಗೆ ಹೋಗುವ ರಸ್ತೆಯಲ್ಲಿದ್ದ ಬಾರಿನ ಮಾಲೀಕ ಬಿಳಿ ಮೀಸೆಯ ಮುದುಕ. ಬಿಸಿನೀರು ಕೇಳುವುದೂ ಬೇಡ, ಸುಮ್ಮನೆ ನಿಲ್ಲಿಸಿ ಅನ್ನುತ್ತಿದ್ದ. ಗಾಡಿಗೆ ಕರೆಂಟಿನ ವೈರನ್ನೂ ಕೊಡುತ್ತಿದ್ದ. ಆ ಚಳಿಯಲ್ಲಿ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಆದರೆ ಬಿಟ್ಟಿಯಾಗಿ ತೆಗೆದುಕೊಂಡು ನನಗೆ ಅಭ್ಯಾಸವಿಲ್ಲ. ಟ್ರಾಯ್‌ನ ಹೆಂಗಸರಿಗೆಂದು ಕರಿದಿಟ್ಟಿದ್ದ ಕೋಡುಬಳೆಯಲ್ಲಿ ಒಂದು ಬಟ್ಟಲು ತೆಗೆದುಕೊಂಡು ಹೋಗಿ ಕೌಂಟರಿನ ಮೇಲಿಟ್ಟೆ.

ಮುದುಕ ಒಂದನ್ನು ಬೆರಳಿಗೆ ಉಂಗುರದ ಹಾಗೆ ತೊಟ್ಟು ನೋಡಿದ. ಆಮೇಲೆ ಕಡಿದ. ಆಮೇಲೆ ಒಂದು ಬಿಯರು ಸುರಿದುಕೊಂಡ. ಆಮೇಲೆ ಇನ್ನೊಂದು ಕಡಿದ. ಸ್ವಲ್ಪ ಹೊತ್ತಿಗೆ ಗಾಡಿಯ ಬಾಗಿಲಿಗೇ ಬಂದು, "ಮೇಡಂ, ಖಾರ ಜಾಸ್ತಿಯಾದಷ್ಟೂ ನನ್ನ ಜನ ಕುಡಿಯುತ್ತಾರೆ. ನೀವು ಬಂದಾಗಲೆಲ್ಲ ಒಂದು ದೊಡ್ಡ ಡಬ್ಬಿ ಕೊಡಿ" ಅಂದ.

ಅಲ್ಲಿಂದ ಮುಂದೆ ಅದು ವಾಡಿಕೆಯಾಯಿತು. ಯಜಮಾನರಿಗೆ ಮಾತ್ರ ಒಪ್ಪಿಗೆಯಿಲ್ಲ.

"ಅಲ್ಲs, ಅಧ್ಯಕ್ಷರ ಮನಿ ನೈವೇದ್ಯಕ್ಕೂ ಅದs ಡಬ್ಬಿ, ಬಾರಿಗೂ ಅದs ಡಬ್ಬಿ?"

"ಎರಡೂ ಸ್ನಾನ ಮಾಡಿಯೇ ಕರಿದದ್ದು ಕಣ್ರೀ" ಅಂದೆ.

"ಅದು ಖರೆ" ಅಂದರು. ಡಬ್ಬಿಯ ಮುಚ್ಚಳ ಒತ್ತುತ್ತ, "ಆದ್ರ ದೇವರು ಕೋಡುಬಳಿ ತಿಂದು ಬಿಯರ್ ಕೇಳಿದ್ರ, ನೀನs ಹೋಗಿ ತರಬೇಕ ನೋಡು" ಅಂದರು.

ಕ್ಯಾಂಪ್‌ಗ್ರೌಂಡು

ಬಾರಿನ ಮುಂದೆ ಒಗ್ಗರಣೆ ಹಾಕಬಾರದು ಅನ್ನುವುದು ನನ್ನ ಇನ್ನೊಂದು ಕಾನೂನಾಗಿತ್ತು. ಮೊಸರನ್ನ ತಿಂದು ಮಲಗುತ್ತಿದ್ದೆವು. ಆದರೆ ಆ ಚಳಿಗಾಲ ಮುಗಿಯುವ ಲಕ್ಷಣವೇ ಇರಲಿಲ್ಲ. ಫ್ಯಾರನ್‌ಹೀಟಿನಲ್ಲೂ ಸೊನ್ನೆಗಿಂತ ಕೆಳಗೆ ಹೋಗಿತ್ತು. ಯಜಮಾನರಿಗೆ ನೆಗಡಿ, ನನಗೆ ಮೈಕೈ ನೋವು. ಮೊಸರಿನ ಡಬ್ಬಿ ನೋಡಿದರೆ ಅಳು ಬರುವಂತಾಗಿತ್ತು. ಸಾಲದ್ದಕ್ಕೆ ಅದೇ ದಿನ ಊರಿನಿಂದ ಬಂದವರೊಬ್ಬರು ಗಟ್ಟಿ ಇಂಗು ತಂದುಕೊಟ್ಟಿದ್ದರು. ಸುತ್ತಿದ ಕಾಗದವನ್ನು ದಾಟಿ ಡ್ರಾಯರನ್ನೂ ದಾಟಿ ಬರುವಂಥ ಇಂಗು.

ಸಂಜೆ ಆ ಮುದುಕನ ಲಾಟಿನಲ್ಲಿ ಗಾಡಿ ನಿಲ್ಲಿಸಿ ಸಾರಿಗಿಟ್ಟೆ. ಒಗ್ಗರಣೆ ಸೌಟಿಗೆ ತುಪ್ಪ, ಸಾಸಿವೆ, ಆಮೇಲೆ ಆ ಇಂಗು. ಹೊಗೆ ಎದ್ದಿತೆಂದು ಫ್ಯಾನ್ ಹಾಕಿದೆ. ಫ್ಯಾನಿನ ಮುಖ ಸರಿಯಾಗಿ ಬಾರಿನ ಹಿಂಬಾಗಿಲಿಗಿತ್ತು.

ಅಡುಗೆ ಗ್ಯಾಸು ಸೋರಿದರೆ ತಿಳಿಯಲಿ ಎಂದು ಅದಕ್ಕೆ ಕಂಪನಿಯವರೇ ಒಂದು ಕೊಳೆತ ವಾಸನೆ ಸೇರಿಸಿರುತ್ತಾರೆ. ಇದನ್ನು ನಾನು ಗಾಡಿಯ ಪುಸ್ತಕದಲ್ಲೇ ಓದಿದ್ದೆ. ಇಂಗಿನ ಪರಿಚಯವಿಲ್ಲದ ಮೂಗಿಗೆ ಎರಡೂ ಒಂದೇ ಅನ್ನುವುದು ಮಾತ್ರ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಒಳಗಿನಿಂದ ಮುದುಕನ ಕೂಗು ಕೇಳಿಸಿತು. "ಗ್ಯಾಸ್! ಎಲ್ಲ ಹೊರಗೆ ನಡೆಯಿರಿ!" ಬಾರಿಗೆ ಬಾರೇ ಚಳಿಗೆ ಬಂದು ನಿಂತಿತು. ಕೋಟಿಲ್ಲದವರು ಬಹಳ ಜನ, ಗ್ಲಾಸಿಲ್ಲದವರು ಯಾರೂ ಇಲ್ಲ. ಮುದುಕ ಮೂಗೆತ್ತಿಕೊಂಡು ಹುಡುಕುತ್ತ ನೇರ ನಮ್ಮ ಗಾಡಿಯ ಹತ್ತಿರ ಬಂದ.

"ಮೇಡಂ, ನಿಮ್ಮ ಗಾಡಿ ಸೋರುತ್ತಿದೆ. ಬೆಂಕಿ ಆರಿಸಿ, ಈಗಲೇ ಇಲ್ಲಿಂದ ತೆಗೆಯಿರಿ. ಇನ್ನು ಮೇಲೆ ಇಲ್ಲಿ ನಿಲ್ಲಿಸುವುದೂ ಬೇಡ!"

ನಾನು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದೆ. "ಇದು ಸೋರುತ್ತಿಲ್ಲ, ಇದು ಊಟ" ಅಂದೆ. ಅವನು ನಂಬಲಿಲ್ಲ. ಆ ವಾಸನೆಯದನ್ನು ಮನುಷ್ಯರು ತಿನ್ನುತ್ತಾರೆಂದು ಯಾರು ತಾನೆ ನಂಬುತ್ತಾರೆ? ಆ ಚಳಿಯಲ್ಲಿ ಕರೆಂಟಿನ ವೈರು ಕಿತ್ತು ಎಲ್ಲಿಗೆ ಹೋಗುವುದು? ಹಿಂದಿನಿಂದ ಯಜಮಾನರು, "ನಾ ಹೇಳಿದ್ನಲ್ಲ, ಮೊಸರನ್ನ ಸಾಕಿತ್ತು" ಅಂದು ಸೀನಿದರು.

ಆಗ ಗುಂಪಿನ ಹಿಂದಿನಿಂದ ಅಚ್ಚ ಮೈಸೂರು ಕನ್ನಡದಲ್ಲಿ ಒಂದು ದನಿ ಬಂತು. "ಅಯ್ಯೋ, ಇದು ಗ್ಯಾಸ್ ಅಲ್ಲ ಕಣ್ರೋ, ಇಂಗು! ಸಾರಿನ ಒಗ್ಗರಣೆ!"

ಹಾಗೆ ಅಂದವರು ಅಲ್ಲಿ ನಿಂತಿದ್ದವರನ್ನೆಲ್ಲ ನೋಡಿದರು, ಗಾಡಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಟ್ರಾಯ್‌ನ ಅಧ್ಯಕ್ಷರು! ನಮ್ಮ ಸಂಸ್ಕೃತಿ ಈ ದೇಶದಲ್ಲಿ ಹಾಳಾಗಬಾರದೆಂದು ಪ್ರತಿ ಹಬ್ಬಕ್ಕೂ ಮೈಕಿನಲ್ಲಿ ಹೇಳುವವರು. ಅವರ ಹಿಂದೆ ಖಜಾಂಚಿ, ಕಾರ್ಯದರ್ಶಿ, ಇಡೀ ಕಮಿಟಿ. ಎಲ್ಲರ ಕೈಯಲ್ಲೂ ನೊರೆ ತುಂಬಿದ ಗ್ಲಾಸು. ಖಜಾಂಚಿಯವರು ಪ್ರಾಣಭಯದಲ್ಲೂ ಕೋಡುಬಳೆಯ ಬಟ್ಟಲು ಬಿಟ್ಟು ಬಂದಿರಲಿಲ್ಲ.

ಬಾಯಿ ಮುಚ್ಚಿಕೊಂಡು ಜಾರಿಹೋಗಿದ್ದರೆ ಅವರು ಬಚಾವಾಗುತ್ತಿದ್ದರು, ನಮ್ಮ ಗಾಡಿ ರಸ್ತೆಗೆ ಬೀಳುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಮುದುಕನ ಹೆಗಲ ಮೇಲೆ ಕೈಯಿಟ್ಟು, "ಇದು ನಮ್ಮ ತಾಯಂದಿರ ಅಡುಗೆಯ ವಾಸನೆ. ಬೇಕಾದರೆ ನಾನು ತಿಂದು ತೋರಿಸುತ್ತೇನೆ" ಅಂದರು. ಒಂದು ಲೋಟ ಸಾರು ಕೊಟ್ಟೆ. ಮುದುಕನ ಎದುರೇ ಕುಡಿದರು. ಮುದುಕ ಅವರು ಬೀಳುತ್ತಾರೋ ಎಂದು ಸ್ವಲ್ಪ ಹೊತ್ತು ಕಾದ. ಅವರು ಬೀಳುವ ಬದಲು ಇನ್ನೊಂದು ಲೋಟ ಕೇಳಿದರು. ಮುದುಕ ತಲೆ ಕೊಡವಿಕೊಂಡು, "ಸರಿ, ಇರಿ. ಆದರೆ ಆ ಫ್ಯಾನನ್ನು ಬೀದಿಯ ಕಡೆ ತಿರುಗಿಸಿ" ಎಂದು ತನ್ನ ಜನರನ್ನು ಒಳಗೆ ಕರೆದುಕೊಂಡು ಹೋದ.

ಉಳಿದದ್ದು ನಾವು ಮತ್ತು ಕಮಿಟಿ. "ಈ ಬಾರಿನಲ್ಲಿ ಮಾತ್ರ ಕೋಡುಬಳೆ ಸಿಗುತ್ತೆ ಆಂಟಿ. ಎಲ್ಲಿಂದ ಬರುತ್ತೆ ಅಂತ ನಮಗೆ ಗೊತ್ತಿರಲಿಲ್ಲ" ಎಂದು ಖಜಾಂಚಿಯವರು ನೆಲ ನೋಡಿಕೊಂಡು ಹೇಳಿದರು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ತಮ್ಮ ಗ್ಲಾಸನ್ನು ಎತ್ತಿ ತೋರಿಸಿದರು. "ಆಂಟಿ, ಇದು ಆಪಲ್ ಜ್ಯೂಸು."

ನಾನು ಬಾರಿನ ಮೇಲೆ ಮಿಣುಕುತ್ತಿದ್ದ ಕೆಂಪು ದೀಪದ ಬೋರ್ಡನ್ನು ನೋಡಿದೆ. "ಅಧ್ಯಕ್ಷರೇ, ಇದು ಕ್ಯಾಂಪ್‌ಗ್ರೌಂಡು" ಅಂದೆ.

ಒಪ್ಪಂದವಾಯಿತು.

ಮರುದಿನ ಅವರ ಮನೆಯಲ್ಲಿ ಸೀರೆ ಹರಡಿಕೊಂಡು ಕೂತಿದ್ದೆ. ಅವರ ಹೆಂಡತಿ ಒಂದು ರೇಷ್ಮೆಯ ಸೆರಗು ಹಿಡಿದು ನೋಡುತ್ತ ಕೇಳಿದರು, "ಈ ಚಳಿಯಲ್ಲಿ ನಿನ್ನೆ ಎಲ್ಲಿ ಇಳಿದುಕೊಂಡಿದ್ರಿ ಆಂಟಿ?"

ಯಜಮಾನರು ಟೈರ್ ನೋಡಲು ಎದ್ದರು. ನಾನು ಬಾಯಿ ತೆರೆಯುವ ಮೊದಲೇ ಅಧ್ಯಕ್ಷರು ಸೋಫಾದಿಂದ, "ಕ್ಯಾಂಪ್‌ಗ್ರೌಂಡಲ್ಲಿ ಕಣೆ. ತುಂಬಾ ಒಳ್ಳೇ ಜಾಗ" ಅಂದುಬಿಟ್ಟರು.

ಆಕೆ ಗಂಡನನ್ನು ನೋಡಿದರು. ನನ್ನನ್ನು ನೋಡಿದರು. ಎದ್ದು ಹೋಗಿ ಬಾಗಿಲ ಹಿಂದೆ ನೇತುಹಾಕಿದ್ದ ಗಂಡನ ಕೋಟಿನ ಜೇಬಿಗೆ ಕೈ ಹಾಕಿ ಒಂದು ಕೋಡುಬಳೆ ತೆಗೆದರು. ಮೂಸಿದರು. ಕಡಿದರು. ನಿಧಾನವಾಗಿ ಅಗಿದು ನುಂಗಿದರು. ಇಷ್ಟು ವರ್ಷದ ವ್ಯಾಪಾರ ಆ ಕೋಡುಬಳೆಯ ಜೊತೆ ಹೊಟ್ಟೆಗೆ ಹೋಯಿತು ಅಂದುಕೊಂಡು ನಾನು ಸೀರೆ ಮಡಿಸತೊಡಗಿದೆ.

"ಮಡಿಸಬೇಡಿ ಆಂಟಿ, ಅದು ನನಗಿರಲಿ" ಅಂದರು ಆಕೆ, ಬಂದು ಮತ್ತೆ ನನ್ನ ಪಕ್ಕ ಕೂತು. "ಮುಂದಿನ ಸಲ ನೀವು ಕ್ಯಾಂಪ್‌ಗ್ರೌಂಡಿಗೆ ಬಂದಾಗ ನನಗೂ ಫೋನ್ ಮಾಡಿ. ಇವರು ಮೀಟಿಂಗಿನಿಂದ ಬಂದಾಗಲೆಲ್ಲ ಜೇಬಲ್ಲಿ ನಿಮ್ಮ ಕೈಯ ಕೋಡುಬಳೆ ಇರುತ್ತೆ, ಆಪಲ್ ಜ್ಯೂಸ್ ಕುಡಿದೆ ಅಂತಾರೆ. ಕುಡಿದು ಬಂದ ಮೇಲೆ ನನ್ನನ್ನ ಕಂಡರೆ ಎಷ್ಟು ಪ್ರೀತಿ! ನಾನೂ ಒಂದು ಲೋಟ ಕುಡಿದು ನೋಡ್ತೀನಿ, ನನಗೂ ಇವರ ಮೇಲೆ ಹಾಗೆ ಪ್ರೀತಿ ಬರುತ್ತೋ ಏನೋ."