ಚೈತ್ರಾಳ ಬಿರುಕುಗಳಿಗೆ ನಾನು ಹಾಕಿದ ಬೆಸುಗೆ

ನನ್ನ ವೆಲ್ಡಿಂಗ್ ಅಂಗಡಿಗೆ ಒಂದು ನಿಯಮವಿದೆ. ಬಿರುಕು ಬಿಟ್ಟು ಒಳಗೆ ಬಂದ ಯಾವ ವಸ್ತುವೂ ಬಿರುಕಿನ ಸಮೇತ ಹೊರಗೆ ಹೋಗಬಾರದು. ಚಿಂತಾಮಣಿಯಲ್ಲಿ ಇದನ್ನು ತಿಳಿಯದವರಿಲ್ಲ. ಟ್ರೇಲರಿನ ಕೊಂಡಿ ಬೆಸೆಯಲು ತಂದವರಿಗೆ ಕೊಂಡಿಯ ಜೊತೆ ಮಡ್‌ಗಾರ್ಡನ್ನೂ, ಅವರ ಪಕ್ಕದಲ್ಲಿ ಸುಮ್ಮನೆ ನಿಂತಿದ್ದವರ ಸೈಕಲ್ ಸ್ಟ್ಯಾಂಡನ್ನೂ ಬೆಸೆದು ಕಳಿಸಿದ್ದೇನೆ. ಶಿಡ್ಲಘಟ್ಟದವರೊಬ್ಬರು ರೇಷ್ಮೆ ನೂಲು ತೆಗೆಯುವ ಯಂತ್ರದ ಚೌಕಟ್ಟು ತಂದಾಗ, ನೀರು ಹರಿದುಹೋಗಲೆಂದು ಅವರೇ ಬಿಟ್ಟುಕೊಂಡಿದ್ದ ಸಂದುಗಳನ್ನೂ ಅಚ್ಚುಕಟ್ಟಾಗಿ ಮುಚ್ಚಿಕೊಟ್ಟಿದ್ದೆ. ಅವರು ಮತ್ತೆ ಬರಲಿಲ್ಲ. ಪೂರ್ತಿ ತೃಪ್ತಿಯಾಗಿರಬೇಕು.

ನಾನು ಹೆಚ್ಚು ಓದಿದವನಲ್ಲ. ಏಳನೇ ಕ್ಲಾಸಿನಲ್ಲಿ ನನಗೂ ಶಾಲೆಗೂ ಭಿನ್ನಾಭಿಪ್ರಾಯ ಬಂತು. ಶಾಲೆಯನ್ನು ಅದರ ಪಾಡಿಗೆ ಬಿಟ್ಟು ಬಂದೆ. ಅಂದಿನಿಂದ ಇಂದಿನವರೆಗೆ ದುಡಿದು ತಿಂದಿದ್ದೇನೆ, ಯಾರ ಮುಂದೆಯೂ ಕೈಚಾಚಿಲ್ಲ. ಡೈರಿಯ ಹಾಲಿನ ಕ್ಯಾನುಗಳನ್ನು ಬೆಸೆಯಲು ಈಚೆಗೆ ಆರ್ಗಾನ್ ಮೆಷಿನ್ ಕೂಡ ತಂದಿದ್ದೇನೆ. ಅಲ್ಯೂಮಿನಿಯಂ ಬೆಸೆಯಲು ಅದೇ ಬೇಕು. ಅದು ಬಂದ ಮೇಲೆ ನನ್ನ ನಡಿಗೆಯೇ ಸ್ವಲ್ಪ ಬದಲಾಗಿದೆ ಎಂದು ನನ್ನ ಹೆಂಡತಿ ರತ್ನಮ್ಮನ ಅಭಿಪ್ರಾಯ.

ಹೀಗಿರುವಾಗ ಒಂದು ಭಾನುವಾರ ರತ್ನಮ್ಮನ ಅಣ್ಣನ ಮಗಳು ಚೈತ್ರಾ ಒಂದು ಡಬ್ಬಿ ಹಿಡಿದು ಬಂದಳು. ಊರು ತೊಂಡೇಬಾವಿ. ಯೂನಿವರ್ಸಿಟಿಯಲ್ಲಿ ಸಂಶೋಧನೆ. ಏನು ಸಂಶೋಧನೆ ಎಂದರೆ, ಅಲ್ಯೂಮಿನಿಯಮ್ಮಿಗೆ ಯಾವುದೋ ಗಟ್ಟಿ ಪುಡಿ ಬೆರೆಸಿ ಹೊಸ ಲೋಹ ಮಾಡುತ್ತಾರೆ. ಅದು ಎಷ್ಟು ಭಾರಕ್ಕೆ, ಯಾವ ದಿಕ್ಕಿನಲ್ಲಿ ಮುರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಮೊದಲೇ ಹೇಳುತ್ತಾರೆ. ಆಮೇಲೆ ನಿಜವಾಗಿಯೂ ಮುರಿದು ನೋಡುತ್ತಾರೆ. ಮುರಿಯುವುದಕ್ಕೆ ಸ್ಕಾಲರ್‌ಶಿಪ್ ಬೇರೆ! ನಮ್ಮ ಮನೆಯಲ್ಲಿ ನಾನು ಮಿಕ್ಸಿ ಜಾರ್ ಮುರಿದಾಗ ಸಿಕ್ಕಿದ್ದು ಸ್ಕಾಲರ್‌ಶಿಪ್ ಅಲ್ಲ.

ಡಬ್ಬಿಯೊಳಗೆ ಅಂಗೈಯಗಲದ ಪ್ಲೇಟುಗಳಿದ್ದವು.

"ಮಾವ, ಇವನ್ನ ಎಳೆದು ಮುರಿಯೋ ಮೆಷಿನ್ನಲ್ಲಿ ಹಿಡಿಯೋಕೆ ಗಟ್ಟಿ ಕ್ಲಾಂಪ್ ಬೇಕು. ಯೂನಿವರ್ಸಿಟಿ ವರ್ಕ್‌ಶಾಪಲ್ಲಿ ಸರದಿ ಬರೋದು ತಡ ಆಗುತ್ತೆ. ಗುರುವಾರ ಹೊರಗಡೆಯಿಂದ ಪರೀಕ್ಷಕರು ಬರ್ತಿದ್ದಾರೆ, ಅವರ ಮುಂದೆ ಮುರಿದು ತೋರಿಸ್ಬೇಕು. ಒಪ್ಪಿದ್ರೆ ಕೆಲಸ ಮುಂದುವರಿಯುತ್ತೆ. ಒಪ್ಪದಿದ್ರೆ ಸ್ಕಾಲರ್‌ಶಿಪ್ ನಿಂತಂಗೆ. ಅಪ್ಪ ಆಗ್ಲೇ ಗಂಡು ಹುಡುಕ್ತಿದ್ದಾರೆ."

"ಕ್ಲಾಂಪ್ ತಾನೆ? ಇಟ್ಟು ಹೋಗಮ್ಮ."

"ಪ್ಲೇಟ್ ಮಾತ್ರ ತುಂಬ ಹುಷಾರು ಮಾವ. ಇವನ್ನ ಹೀಗೆ ಮಾಡೋಕೆ ತಿಂಗಳುಗಟ್ಟಲೆ ಹಿಡೀತು. ಇಲ್ಲೊಂಚೂರು ನೋಡಿ, ಈ ತುದೀಲಿ..."

"ನನಗೆ ಲೋಹ ತೋರಿಸ್ಬೇಡ ಕಣಮ್ಮ," ಎಂದು ಅಡ್ಡಬಾಯಿ ಹಾಕಿದೆ. "ನೀನು ಹುಟ್ಟೋಕೆ ಮುಂಚಿಂದ ನಾನು ಇದರ ಜೊತೆ ಸಂಸಾರ ಮಾಡ್ತಿದೀನಿ."

"ಸಂಸಾರ ಮಾಡ್ತಿರೋದು ನನ್ ಜೊತೆ," ಎಂದು ಒಳಗಿನಿಂದ ರತ್ನಮ್ಮ ತಿದ್ದಿದಳು.

ಚೈತ್ರಾ ನಕ್ಕು ಬಸ್ಸು ಹಿಡಿಯಲು ಹೊರಟಳು. ತುದಿಯಲ್ಲಿ ಏನಿದೆ ಎಂದು ಅವಳು ಹೇಳಲಿಲ್ಲ. ನಾನು ಹೇಳಲು ಬಿಡಲಿಲ್ಲ. ಮುಂದಿನದಕ್ಕೆಲ್ಲ ಇದೇ ಅಡಿಪಾಯ.

ಕ್ಲಾಂಪು ಚೆನ್ನಾಗಿ ಬಂತು. ಅಳತೆ ಸರಿಯಿದೆಯೇ ನೋಡೋಣ ಎಂದು ಒಂದು ಪ್ಲೇಟನ್ನು ಬೆಳಕಿಗೆ ಹಿಡಿದೆ. ಪ್ಲೇಟಿನ ಅಂಚಿನಲ್ಲಿ ಒಂದು ಸೀಳು, ಸೀಳಿನ ತುದಿಯಿಂದ ಒಳಗೆ ಕೂದಲಿನಷ್ಟು ಸಣ್ಣ ಬಿರುಕು! ಇನ್ನೊಂದು ತೆಗೆದೆ. ಅದರಲ್ಲೂ ಬಿರುಕು! ಡಬ್ಬಿಯನ್ನೇ ಬಗ್ಗಿಸಿದೆ. ಒಂದಾದರೂ ನೆಟ್ಟಗಿರಬೇಡವೇ?

"ರತ್ನಾ, ಹುಡುಗಿಗೆ ಯಾರೋ ಟೋಪಿ ಹಾಕಿದಾರೆ ಕಣೇ. ಪೂರ್ತಿ ಡಬ್ಬಿ ಒಡಕು ಮಾಲು!"

"ಒಂದು ಫೋನ್ ಮಾಡಿ ಕೇಳ್ರಿ."

"ಪಾಪ, ಗಾಬರಿ ಬೀಳುತ್ತೆ ಕೂಸು. ಅಲ್ದೆ ರಿಪೇರಿ ಮಾಡೋನು ರೋಗೀನ ಕೇಳ್ತಾನೇನೇ?"

"ಡಾಕ್ಟ್ರು ಕೇಳ್ತಾರೆ ಕಣ್ರೀ. ಮೊದ್ಲು ಅದನ್ನೇ ಕೇಳೋದು."

ಹೆಂಗಸರಿಗೆ ತಾಂತ್ರಿಕ ವಿಷಯಗಳು ಬೇಗ ಅರ್ಥವಾಗುವುದಿಲ್ಲ ಎಂದುಕೊಂಡು ಆರ್ಗಾನ್ ಮೆಷಿನ್ನಿನ ಸ್ವಿಚ್ ಒತ್ತಿದೆ.

ಒಂದೊಂದು ಪ್ಲೇಟಿಗೂ ನನ್ನ ಜನ್ಮದ ವಿದ್ಯೆಯೆಲ್ಲ ಸುರಿದೆ. ಸೀಳು ತುಂಬಿದೆ. ಬಿರುಕು ಮುಚ್ಚಿದೆ. ಉಬ್ಬು ಕಾಣದಂತೆ ಉಜ್ಜಿದೆ. ಯಾರೋ ಅವಿವೇಕಿ ಪ್ಲೇಟುಗಳ ಮೇಲೆ ಮೊಳೆಯಲ್ಲಿ ಗೀಚಿದ ಹಾಗೆ ಏನೇನೋ ಅಂಕಿಗಳಿದ್ದವು. ಅವನ್ನೂ ಬಫಿಂಗ್ ಚಕ್ರಕ್ಕೆ ಕೊಟ್ಟು ಅಳಿಸಿಬಿಟ್ಟೆ. ಯಾವುದು ಯಾವ ಪ್ಲೇಟು ಎಂದು ಇನ್ನು ದೇವರೂ ಹೇಳಲಾರ! ಅಷ್ಟು ಹೊಳಪು. ರತ್ನಮ್ಮ ಒಂದರಲ್ಲಿ ಮುಖ ನೋಡಿಕೊಂಡು ಬೊಟ್ಟು ಸರಿಮಾಡಿಕೊಂಡಳು.

ಗುರುವಾರ ಇಸ್ತ್ರಿ ಮಾಡಿದ ಶರಟು ತೊಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನೇ ಬಸ್ಸಿನಲ್ಲಿ ಹೊರಟೆ. ಕೊರಿಯರಿನಲ್ಲಿ ಕಳಿಸಬಹುದಿತ್ತು. ಆದರೆ ಕೊರಿಯರಿನವನಿಗೆ ಯಾರು ಥ್ಯಾಂಕ್ಸ್ ಹೇಳುತ್ತಾರೆ?

ಲ್ಯಾಬಿನಲ್ಲಿ ಮೂವರಿದ್ದರು. ಚೈತ್ರಾ, ಅವಳ ಮೇಷ್ಟ್ರು, ಮತ್ತು ಪರೀಕ್ಷೆಗೆಂದು ಆಂಧ್ರದ ಕಡೆಯಿಂದ ಬಂದಿದ್ದ ಹಿರಿಯ ಪ್ರೊಫೆಸರರು. ಕಂಪ್ಯೂಟರ್ ಪರದೆಯ ಮೇಲೆ ಪ್ಲೇಟಿನ ಚಿತ್ರವಿತ್ತು. ಬಿರುಕು ಯಾವ ಕಡೆ ಓಡುತ್ತದೆ ಎಂದು ಚೈತ್ರಾ ಅದರಲ್ಲಿ ಕೆಂಪು ಗೆರೆ ಎಳೆದಿಟ್ಟಿದ್ದಳು. ಡಬ್ಬಿ ತೆರೆದು ಒಂದು ಪ್ಲೇಟು ತೆಗೆದಳು. ತಿರುಗಿಸಿದಳು. ಮತ್ತೆ ತಿರುಗಿಸಿದಳು.

"ಮಾವ... ಬಿರುಕು ಎಲ್ಲಿ?"

"ತೆಗೆದುಬಿಟ್ಟೆ!" ಎಂದೆ.

ಚೈತ್ರಾ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಅವಳ ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ನನ್ನನ್ನು ನೋಡಿ, ಮತ್ತೆ ತೆಗೆದರು. ಆಮೇಲೆ ಸಮಾಧಾನವಾಗಿ ವಿವರಿಸಿದರು. ಆ ಬಿರುಕು ತಾನಾಗಿ ಬಂದದ್ದಲ್ಲ. ಪ್ಲೇಟನ್ನು ಮೆಷಿನ್ನಿಗೆ ಹಾಕಿ, ಮೆಲ್ಲಗೆ ಎಳೆದು, ಬಿಟ್ಟು, ಲಕ್ಷಾಂತರ ಸಲ ಹಾಗೆ ಮಾಡಿ, ಕೂಸಿನ ಹಾಗೆ ಬೆಳೆಸಿದ ಬಿರುಕು. ಸಂಶೋಧನೆ ನಡೆಯುತ್ತಿದ್ದದ್ದೇ ಬಿರುಕಿನ ಮೇಲೆ. ಪ್ಲೇಟು ಸುಮ್ಮನೆ ಅದಕ್ಕೊಂದು ಜಾಗ.

"ಅಷ್ಟೇ ತಾನೆ ಸಾರ್?" ಎಂದೆ. "ಐದು ನಿಮಿಷ ಕೊಡಿ, ಎಲ್ಲದಕ್ಕೂ ಬಿರುಕು ಹಾಕಿಕೊಡ್ತೀನಿ."

ಯಾರೂ ತಡೆಯುವ ಸ್ಥಿತಿಯಲ್ಲಿರಲಿಲ್ಲ. ಪಕ್ಕದ ವರ್ಕ್‌ಶಾಪಿನಲ್ಲಿ ಗರಗಸ ಸಿಕ್ಕಿತು. ಕೊಯ್ದೆ. ಅದು ಬಿರುಕಲ್ಲ, ಕಾಲುವೆ ಎಂದರು. ಇನ್ನೊಂದಕ್ಕೆ ಉಳಿ ಇಟ್ಟು ಹೊಡೆದೆ. ತಗ್ಗು ಬಿತ್ತು. ಮತ್ತೊಂದನ್ನು ಮೇಜಿಗೆ ಬಿಗಿದ ದೊಡ್ಡ ಇಕ್ಕಳದ, ಅಂದರೆ ವೈಸಿನ, ದವಡೆಗೆ ಕಚ್ಚಿಸಿ, ಹಿಡಿಗೆ ಪೈಪು ತೂರಿಸಿ ಬಿಗಿ ಮಾಡಿ, ಎಂಟು ಪೌಂಡಿನ ಸುತ್ತಿಗೆಯಲ್ಲಿ ಬಾರಿಸಿದೆ. ಪ್ಲೇಟು ರೊಟ್ಟಿಯಂತೆ ಮಡಚಿಕೊಂಡಿತೇ ಹೊರತು ಬಿರಿಯಲಿಲ್ಲ. ಮತ್ತೂ ಬಿಗಿ ಮಾಡಿ ಬಾರಿಸಿದೆ. ಠಳಾರ್! ಉದ್ದನೆಯ, ಲಕ್ಷಣವಾದ ಬಿರುಕು. ಯೂನಿವರ್ಸಿಟಿಯ ವೈಸಿನಲ್ಲಿ!

ಮೇಷ್ಟ್ರು ಬಗ್ಗಿ ನೋಡಿದರು. "ಬಿರುಕೇನೋ ಚೆನ್ನಾಗಿದೆ," ಎಂದರು. "ಜಾಗ ತಪ್ಪಿತು."

"ಸಾರ್, ಈ ವೈಸನ್ನ ನಾನೇ ಬೆಸೆದು..."

"ಬೇಡ!" ಎಂದು ಮೂವರೂ ಒಟ್ಟಿಗೆ ಹೇಳಿದರು. ಆ ದಿನ ಅವರೆಲ್ಲ ಒಪ್ಪಿದ ಮೊದಲ ಸಂಗತಿ ಅದು.

ನನ್ನ ಗರಗಸ, ಸುತ್ತಿಗೆಗಳಿಂದ ಹೇಗೋ ತಪ್ಪಿಸಿಕೊಂಡು, ಬೆಸೆದದ್ದು ಬೆಸೆದ ಹಾಗೇ ಒಂದೇ ಒಂದು ಪ್ಲೇಟು ಉಳಿದಿತ್ತು. ಚೈತ್ರಾ ದುಪಟ್ಟದ ತುದಿಯಿಂದ ಕಣ್ಣಂಚು ಒರೆಸಿಕೊಂಡಳು. ಅದನ್ನು ನೋಡಿ ಸುತ್ತಿಗೆ ಕೆಳಗಿಟ್ಟೆ. ಆದರೂ ಬಾಯಿ ನನ್ನದಲ್ಲವೇ? "ಇದನ್ನ ಎಳೀರಿ ಸಾರ್. ನನ್ನ ಬೆಸುಗೆ ಮುರಿದರೆ ಮೀಸೆ ಬೋಳಿಸ್ತೀನಿ," ಎಂದೆ.

ಆಂಧ್ರದ ಹಿರಿಯರು ಎಳೆಯಿರಿ ಎಂದು ಸನ್ನೆ ಮಾಡಿದರು. ಮೆಷಿನ್ ಗುಂಯ್ ಎಂದಿತು. ನನ್ನ ಕ್ಲಾಂಪು ಭದ್ರವಾಗಿ ಹಿಡಿದುಕೊಂಡಿತು. ನಾನು ಎದೆ ಸೆಟೆಸಿ ನಿಂತೆ. ಸೆಟೆಸಿದ ಎದೆ ಇಳಿಯುವಷ್ಟರಲ್ಲಿ, ಟಪ್! ಬೆಸುಗೆ ಹಾಗೇ ಇತ್ತು. ಅದರ ಪಕ್ಕದಲ್ಲಿ ಪ್ಲೇಟು ಎರಡಾಗಿತ್ತು. ಹೊಸ ಪ್ಲೇಟು ತಡೆಯುವ ಭಾರದಲ್ಲಿ ಅರ್ಧವನ್ನೂ ತಡೆದಿರಲಿಲ್ಲ. ಬೆಸೆಯುವಾಗ ಕಾವು ತಾಗಿ ಆ ಜಾಗ ಮೆತ್ತಗಾಗಿದೆಯಂತೆ. ಪರದೆಯ ಮೇಲಿನ ಕೆಂಪು ಗೆರೆ ಒಂದು ಕಡೆಯಿತ್ತು, ಪ್ಲೇಟು ಮುರಿದದ್ದು ಇನ್ನೊಂದು ಕಡೆ.

"ನಿಮ್ಮ ಕಂಪ್ಯೂಟರ್ ತಪ್ಪು ಹೇಳಿದೆ," ಎಂದೆ.

ಹಿರಿಯರು ಮುರಿದ ತುಂಡನ್ನು ಬಹಳ ಹೊತ್ತು ನೋಡಿ, "ಇದಿ ಎವರು ಚೇಸಿನಾರಯ್ಯಾ?" ಎಂದರು. ಇದನ್ನು ಮಾಡಿದ್ದು ಯಾರಯ್ಯ ಎಂದು. ಆಂಧ್ರದ ಗಡಿಗೆ ಹತ್ತಿರದ ಚಿಂತಾಮಣಿಯವನಿಗೆ ತೆಲುಗು ಬರುವುದಿಲ್ಲವೇ? ಆ ಲ್ಯಾಬಿನಲ್ಲಿ ನನಗೆ ಪೂರ್ತಿ ಅರ್ಥವಾದ ಮೊದಲ ಪ್ರಶ್ನೆ ಅದು. "ನೇನೇ ಸಾರ್!" ಎಂದು ಹೆಮ್ಮೆಯಿಂದ ಕೈ ಎತ್ತಿದೆ.

ಅವರು ಚೈತ್ರಾಳ ಕಡೆ ತಿರುಗಿ ತೆಲುಗಿನಲ್ಲೇ ಹೇಳಿದ್ದರ ಸಾರ ಹೀಗಿತ್ತು. "ನೋಡಮ್ಮ, ನಮ್ಮ ದೇಶದಲ್ಲಿ ಒಡೆದದ್ದನ್ನು ಯಾರೂ ಎಸೆಯುವುದಿಲ್ಲ. ನಿನ್ನ ಲೋಹ ಎಷ್ಟೇ ಹೊಸದಾಗಿರಲಿ, ಒಂದು ದಿನ ಇಂಥವರ ಕೈಗೆ ಬಂದೇ ಬರುತ್ತದೆ. ಆಗ ಏನಾಗುತ್ತದೆ ಅನ್ನೋದು ನಿನ್ನ ಲೆಕ್ಕದಲ್ಲಿ ಇಲ್ಲವಲ್ಲ? ಅದನ್ನು ಸೇರಿಸು. ಆದರೆ ಒಂದು ಮುರಿದರೆ ಅದು ಅಪಘಾತ. ಎಲ್ಲವೂ ಒಂದೇ ಥರ ಮುರಿದರೆ ಅದು ವಿಜ್ಞಾನ. ತಿಂಗಳೊಳಗೆ ತೋರಿಸು, ಆಮೇಲೆ ಒಪ್ಪೋಣ."

ಮುಂದಿನ ಭಾನುವಾರ ಚೈತ್ರಾ ಬಿರುಕು ಬೆಳೆಸದೆ ಬರೀ ಸೀಳು ಹಾಕಿದ ಹೊಸ ಪ್ಲೇಟುಗಳನ್ನು ತಂದಳು. ಈ ಸಲ ನಾನು ಬಾಯಿ ಮುಚ್ಚಿಕೊಂಡು ಕೊನೆಯವರೆಗೆ ಕೇಳಿದೆ.

"ಮಾವ, ಅವತ್ತು ಹೇಗೆ ಮಾಡಿದ್ರೋ ಹಾಗೇ ಮಾಡಿ. ಹೆಚ್ಚು ಚೆನ್ನಾಗಿ ಬೇಡ. ಎಲ್ಲಾನೂ ಅದೇ ಜಾಗದಲ್ಲಿ ಮುರೀಬೇಕು. ಇಲ್ಲಾಂದ್ರೆ ನಂದು ಮುಗೀತು."

ತಲೆಯಾಡಿಸಿದೆ. ಆದರೆ ಬೆಸೆಯುವ ಪಿಸ್ತೂಲು ಕೈಗೆ ಬಂದ ಮೇಲೆ ಕೈ ಮಾತು ಕೇಳಬೇಕಲ್ಲ? ಮುರಿಯಲೆಂದೇ ಬೆಸೆಯುವುದು ನನ್ನ ವಂಶದಲ್ಲೇ ಇಲ್ಲ. ಪ್ಲೇಟುಗಳನ್ನು ಸ್ಪಿರಿಟಿನಲ್ಲಿ ತೊಳೆದೆ. ಹೊಸ ಆರ್ಗಾನ್ ಸಿಲಿಂಡರ್ ಜೋಡಿಸಿದೆ. ಉಸಿರು ಬಿಗಿಹಿಡಿದು, ಒಂದೊಂದು ಹನಿ ಲೋಹವನ್ನೂ ಮುತ್ತು ಪೋಣಿಸಿದಂತೆ ಪೋಣಿಸಿದೆ. ಮುಗಿದ ಮೇಲೆ ನೋಡಿ ನನಗೇ ಭಯವಾಯಿತು. ಅಂಥ ಬೆಸುಗೆ ನನ್ನ ಆಯುಷ್ಯದಲ್ಲಿ ಹಾಕಿರಲಿಲ್ಲ.

"ಎಂಥ ಕೆಲಸ ಮಾಡ್ಬಿಟ್ಟೆ ರತ್ನಾ. ಇವು ಜನ್ಮದಲ್ಲಿ ಮುರಿಯೋಲ್ಲ. ಹುಡುಗಿ ಬಾಳು ಹಾಳು ಮಾಡ್ದೆ!"

"ನೀವು ಚೆನ್ನಾಗಿ ಮಾಡಿರೋದನ್ನ ನಾನೂ ನೋಡಿದೀನಿ ಬಿಡ್ರಿ," ಎಂದಳು ರತ್ನಮ್ಮ. "ಮುರಿಯುತ್ತೆ."

ಪ್ಲೇಟುಗಳು ಹೋದವು. ಅತಿಯಾದ ಪ್ರತಿಭೆಯಿಂದ ಹೆಂಡತಿಯ ಅಣ್ಣನ ಮಗಳ ಓದು ಕೆಡಿಸಿದವನು ಚರಿತ್ರೆಯಲ್ಲಿ ನಾನೊಬ್ಬನೇ ಇರಬೇಕು ಎಂದು ಕೊರಗಿದೆ. ಕೊನೆಗೊಂದು ಮಧ್ಯಾಹ್ನ ಫೋನು ಬಂತು. ರತ್ನಮ್ಮ ಸ್ಪೀಕರ್ ಒತ್ತಿದಳು. ನಾನೇ ಮೊದಲು ಮಾತಾಡಿದೆ.

"ತಪ್ಪಾಯ್ತಮ್ಮ ಚೈತ್ರಾ. ಕೈ ಕೇಳ್ಲಿಲ್ಲ. ಈ ಸಲ ತುಂಬ ಚೆನ್ನಾಗಿ ಮಾಡ್ಬಿಟ್ಟೆ."

"ಎಲ್ಲಿ ಚೆನ್ನಾಗಿ ಮಾಡಿದ್ರಿ ಮಾವ?" ಎಂದಳು ಚೈತ್ರಾ. "ಎಲ್ಲಾ ಅದೇ ಜಾಗದಲ್ಲೇ ಮುರೀತು! ಅದೇ ಭಾರಕ್ಕೆ! ಅವತ್ತಿನದಕ್ಕೂ ಇವತ್ತಿನದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಪರೀಕ್ಷಕರು ಒಪ್ಪಿದ್ರು ಮಾವ, ಕೆಲಸ ಮುಂದುವರಿಯುತ್ತೆ!"

ನಾನು ಬೆಂಚಿನ ಮೇಲೆ ಮೆಲ್ಲಗೆ ಕುಳಿತೆ. ರತ್ನಮ್ಮ ಆಗಲೇ ತೊಂಡೇಬಾವಿಗೆ ಫೋನು ಹಚ್ಚಿದ್ದಳು.

"ಅಣ್ಣಾ, ಗಂಡು ಹುಡುಕೋದು ಸದ್ಯಕ್ಕೆ ನಿಲ್ಲಿಸು, ಚೈತ್ರಂದು ಪಾಸಾಯ್ತು. ಹೂಂ, ನಮ್ಮನೆಯವರದೇ ಬೆಸುಗೆ. ಇಲ್ಲ ಕಣಣ್ಣ, ಇವರ ಮೇಲೆ ಕಣ್ಮುಚ್ಕೊಂಡು ನಂಬಿಕೆ ಇಡಬಹುದು. ತಪ್ಪಾಗಿ ಮಾಡ್ಲಿ, ಜೀವ ತೇದು ಮಾಡ್ಲಿ, ಒಂದೇ ಥರ ಬರುತ್ತೆ."

ವಿಜ್ಞಾನ ಕೂಡ ಈಗ ಅದನ್ನೇ ಹೇಳುತ್ತಿದೆ.